ವಯಸ್ಕರ ಶಿಕ್ಷಣದಲ್ಲಿ ಪರೀಕ್ಷೆ ಯಾರಿಗೆ?

ಶಿಕ್ಷಣ ವ್ಯವಸ್ಥೆಯೊಂದು ತಾನು ಕೊಡುತ್ತೇನೆಂದು ಹೇಳಿದ ಕಲಿಕೆಯನ್ನು ನಿಜವಾಗಿ ಕೊಡುತ್ತಿದೆಯೇ ಎಂಬುದನ್ನು ನಿಯತವಾಗಿ ನೋಡಿ, ಕೊರತೆ ಕಂಡಲ್ಲಿ ತಿದ್ದಿಕೊಳ್ಳುವ ಏರ್ಪಾಡಿಗೆ ಗುಣಮಟ್ಟದ ಖಾತರಿ ಎಂದು ಹೆಸರು. ಶಾಲೆಯಲ್ಲಿ ಈ ಏರ್ಪಾಡು ತರಬೇತಿ ಪಡೆದ ಶಿಕ್ಷಕ, ಹಾಜರಿ ಪುಸ್ತಕ, ಮೇಲ್ವಿಚಾರಕ ಅಧಿಕಾರಿ, ವಾರ್ಷಿಕ ಪರೀಕ್ಷೆ ಇವುಗಳ ಮೇಲೆ ನಿಂತಿರುತ್ತದೆ. ಆದರೆ ಕಲಿಸುವವರು ಸಂಬಳವಿಲ್ಲದ ಸ್ವಯಂಸೇವಕರೂ ಕಲಿಯುವವರು ದಿನವಿಡೀ ದುಡಿದು ಬಂದ ವಯಸ್ಕರೂ ಆಗಿರುವ ಸಾಕ್ಷರತಾ ಜಾಲದಲ್ಲಿ ಯಾರನ್ನೂ ಗದರಿಸಿ ಹಿಡಿದಿಡಲು ಸಾಧ್ಯವಿಲ್ಲದ್ದರಿಂದ, ಗುಣಮಟ್ಟದ ಪ್ರಶ್ನೆ ಅಲ್ಲಿ ಬಹಳ ಜಟಿಲವಾಗುತ್ತದೆ.

ಭಾರತದಲ್ಲಿ 1978ರ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವು ಸಣ್ಣ ಗೌರವಧನ ಪಡೆಯುವ ಬೋಧಕರ ಕೇಂದ್ರಗಳನ್ನು ನೆಚ್ಚಿಕೊಂಡಿತ್ತು. ಅವುಗಳಲ್ಲಿ ಅನೇಕವು ಕಾಗದದ ಮೇಲಷ್ಟೇ ಇವೆಯೆಂಬ ಟೀಕೆಯನ್ನು ಅದು ಎದುರಿಸಬೇಕಾಯಿತು. 1988ರ ಮೇ 5ರಂದು ಉದ್ಘಾಟನೆಯಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಈ ಮಾದರಿಯಿಂದ ಕ್ರಮೇಣ ದೂರ ಸರಿಯಿತು. ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ಜಿಲ್ಲಾಡಳಿತವೂ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತೂ ಕೂಡಿ 1989ರ ಜನವರಿಯಲ್ಲಿ ಆರಂಭಿಸಿದ ಆಂದೋಲನವು 1990ರ ಫೆಬ್ರವರಿಯಲ್ಲಿ ಪೂರ್ಣ ಸಾಕ್ಷರತೆಯ ಘೋಷಣೆಗೆ ತಲುಪಿದಾಗ, ಅದೇ ದೇಶಕ್ಕೆಲ್ಲ ಮಾದರಿಯಾಯಿತು. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಜಿಲ್ಲಾ ಸಾಕ್ಷರತಾ ಸಮಿತಿ ಎಂಬ ನೋಂದಾಯಿತ ಸಂಸ್ಥೆ, ಅದರ ಕೆಳಗೆ ತಾಲ್ಲೂಕು ಮತ್ತು ಪಂಚಾಯಿತಿ ಮಟ್ಟದ ಸಮಿತಿಗಳು, ತಳದಲ್ಲಿ ಊರಿನ ಸ್ವಯಂಸೇವಕ ಬೋಧಕರು ಎಂಬ ಈ ರಚನೆಯನ್ನು ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಜಿಲ್ಲೆಗಳು ಮೊದಮೊದಲೇ ಅಳವಡಿಸಿಕೊಂಡವು.

ಮಿಷನ್ನಿನ ನಿಜವಾದ ಸಾಧನೆಯೆಂದರೆ ಸಾಕ್ಷರನೆಂದರೆ ಯಾರು ಎಂಬುದಕ್ಕೆ ಅಳತೆ ಕೊಟ್ಟದ್ದು. ಜನಗಣತಿಯಲ್ಲಿ ಏಳು ವರ್ಷ ತುಂಬಿದ ವ್ಯಕ್ತಿ ಯಾವುದಾದರೂ ಒಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಿ ಬರೆಯಬಲ್ಲನೆಂದು ಮನೆಯವರು ಹೇಳಿದರೆ ಸಾಕು, ಪರೀಕ್ಷೆಯಿಲ್ಲ. ಮಿಷನ್ ಮಾತ್ರ ಸರಳ ಪಠ್ಯವನ್ನು ನಿಮಿಷಕ್ಕೆ 30 ಪದಗಳಂತೆ ಗಟ್ಟಿಯಾಗಿ, 35 ಪದಗಳಂತೆ ಮೌನವಾಗಿ ಓದಬೇಕು, ನಿಮಿಷಕ್ಕೆ 7 ಪದಗಳನ್ನು ನೋಡಿ ಬರೆಯಬೇಕು, ಹೇಳಿಸಿ ಬರೆಸಿದರೆ 5 ಪದಗಳನ್ನಾದರೂ ಬರೆಯಬೇಕು, ದಿನಬಳಕೆಯ ಸರಳ ಲೆಕ್ಕ ಬರಬೇಕು ಎಂದು ನಿಗದಿಪಡಿಸಿತು. ಇದಕ್ಕಾಗಿ ಸುಮಾರು 200 ಗಂಟೆಗಳಲ್ಲಿ ಕಲಿಯಬಹುದಾದ ಮೂರು ಪ್ರೈಮರ್‌ಗಳು, ಅಂದರೆ ಅಕ್ಷರ ಪಾಠದ ಕಿರುಪುಸ್ತಕಗಳು ಸಿದ್ಧವಾದವು. ಒಂದೊಂದರಲ್ಲಿ ಮೂರರಂತೆ ಒಟ್ಟು ಒಂಬತ್ತು ಪರೀಕ್ಷೆಗಳನ್ನು ಪಾಠಗಳ ನಡುವೆಯೇ ಹೆಣೆಯಲಾಗಿತ್ತು. ಕಲಿಯುವವರು ಎಲ್ಲಿ ಎಡವುತ್ತಿದ್ದಾರೆಂಬುದು ಅದೇ ವಾರ ಬೋಧಕರಿಗೆ ತಿಳಿಯುತ್ತಿದ್ದ ಈ ಜಾಣ ಏರ್ಪಾಡನ್ನು, ಗುಣಮಟ್ಟದ ಕುರಿತು ಮುಂದೆ ಬಂದ ಎಷ್ಟೋ ದಪ್ಪ ಕೈಪಿಡಿಗಳಿಗಿಂತ ಮೇಲೆಂದು ಹೇಳಬಹುದು.

ಕೆಡುಕು ಬಂದದ್ದು ಪೂರ್ಣ ಸಾಕ್ಷರತೆಯ ಘೋಷಣೆಯ ಅವಸರದಿಂದ. ಜಿಲ್ಲೆಯ ಹೊರಗಿನ ಸಂಸ್ಥೆಯೊಂದು ಮಾದರಿ ಗುಂಪನ್ನು ಆರಿಸಿ ಪರೀಕ್ಷಿಸುವ ಬಾಹ್ಯ ಮೌಲ್ಯಮಾಪನದ ವಿಧಿ ಇದ್ದರೂ, ದಿನಾಂಕ ಗೊತ್ತುಪಡಿಸಿಕೊಂಡ ಜಿಲ್ಲಾಡಳಿತಕ್ಕೆ ಸಂಖ್ಯೆಯೇ ಮುಖ್ಯವಾಗಿಬಿಡುತ್ತಿತ್ತು. ಅರುಣ್ ಘೋಷ್ ನೇತೃತ್ವದ ತಜ್ಞರ ತಂಡ 1994ರಲ್ಲಿ ಆಂದೋಲನಗಳನ್ನು ಪರಿಶೀಲಿಸಿ, ಅವುಗಳ ಹುರುಪನ್ನು ಮೆಚ್ಚುತ್ತಲೇ ದೋಷಗಳನ್ನೂ ಎತ್ತಿ ತೋರಿಸಿತು. ಅಕ್ಷರ ಕಲಿಸುವ ಮೊದಲ ಹಂತಕ್ಕೂ ಕಲಿತದ್ದನ್ನು ಗಟ್ಟಿಗೊಳಿಸುವ ಸಾಕ್ಷರೋತ್ತರ ಹಂತಕ್ಕೂ ನಡುವೆ ತಿಂಗಳುಗಟ್ಟಲೆ ಬಿಡುವು ಬಿದ್ದರೆ, ಹೊಸದಾಗಿ ಅಕ್ಷರ ಕಲಿತ ನವಸಾಕ್ಷರರು ಓದಲು ಏನೂ ಇಲ್ಲದೆ ಕಲಿತದ್ದನ್ನು ಮರೆಯುವುದು ಸಹಜವೇ ಆಗಿತ್ತು.

2009ರ ಸೆಪ್ಟೆಂಬರ್ 8ರಂದು ಬಂದ ಸಾಕ್ಷರ ಭಾರತ ಯೋಜನೆ, 2001ರ ಗಣತಿಯಂತೆ ವಯಸ್ಕ ಮಹಿಳೆಯರ ಸಾಕ್ಷರತೆ ಶೇ. 50 ಅಥವಾ ಅದಕ್ಕೂ ಕಡಿಮೆಯಿದ್ದ ಜಿಲ್ಲೆಗಳನ್ನು ಮುಖ್ಯವಾಗಿ ಆರಿಸಿಕೊಂಡು, ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರವನ್ನೂ ಅದನ್ನು ನಡೆಸಲು ಪ್ರೇರಕರನ್ನೂ ಒದಗಿಸಿತು. ಪರೀಕ್ಷೆಯ ಹೊಣೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಗೆ ಹೋಯಿತು. ಓದು, ಬರಹ, ಲೆಕ್ಕಗಳಿಗೆ ತಲಾ 50 ಅಂಕಗಳ ಈ ಪರೀಕ್ಷೆ ವರ್ಷಕ್ಕೆರಡು ಬಾರಿ ನಡೆಯುತ್ತಿತ್ತು. ಇದರಿಂದ ಪ್ರಮಾಣಪತ್ರಕ್ಕೆ ಬೆಲೆ ಬಂದದ್ದು ನಿಜ. ಅದನ್ನು ಕೈಯಲ್ಲಿ ಹಿಡಿದ ಕೂಲಿ ಹೆಂಗಸರ ಸಂತೋಷವನ್ನು ಹಗುರವಾಗಿ ಕಾಣಲಾಗದು. ಆದರೆ ಪಾಠದ ನಡುವೆ ಬೋಧನೆಯನ್ನೇ ತಿದ್ದುತ್ತಿದ್ದ ಪರೀಕ್ಷೆ ಈಗ ಕೊನೆಗೊಮ್ಮೆ ಕಲಿತವರಿಗೆ ದರ್ಜೆ ಕೊಡುವ ಪರೀಕ್ಷೆಯಾಗಿತ್ತು. ಉತ್ತೀರ್ಣರಾಗದವರಿಗೆ ಮತ್ತೆ ಕೂರುವ ಅವಕಾಶವಿತ್ತು, ಅವರಿಗೆ ಸರಿಯಾಗಿ ಕಲಿಸದ ಜಾಲಕ್ಕೆ ಮಾತ್ರ ಯಾವ ಪರೀಕ್ಷೆಯೂ ಇರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಸ್ವಿಟ್ಜರ್ಲೆಂಡಿನಲ್ಲಿ 2000ದಿಂದ ಜಾರಿಯಲ್ಲಿರುವ ಎಜುಕ್ವಾ ಎಂಬ ಗುಣಮಟ್ಟದ ಮುದ್ರೆಯನ್ನು ಪಡೆಯಬೇಕಾದುದು ವಯಸ್ಕರಿಗೆ ಕಲಿಸುವ ಸಂಸ್ಥೆಯೇ ಹೊರತು ಕಲಿಯುವ ವ್ಯಕ್ತಿಯಲ್ಲ. ಶ್ರೀಮಂತ ದೇಶದ ಆ ಪದ್ಧತಿಯನ್ನು ಹಾಗೆಯೇ ಎತ್ತಿ ತರಲಾಗದಿದ್ದರೂ, ಅದರ ದಿಕ್ಕು ಗಮನಾರ್ಹವಾದುದು.

ಸಾಕ್ಷರ ಭಾರತ 2018ರ ಮಾರ್ಚ್‌ನಲ್ಲಿ ಮುಗಿದ ಮೇಲೆ ಪ್ರೇರಕರ ಕೆಲಸವೂ ನಿಂತಿತು. 2022ರಿಂದ 2027ರವರೆಗೆ ಐದು ಕೋಟಿ ಜನರನ್ನು ತಲುಪುವ ಗುರಿಯ ಉಲ್ಲಾಸ್ ಕಾರ್ಯಕ್ರಮವು ಗೌರವಧನವಿಲ್ಲದ ಸ್ವಯಂಸೇವಕರನ್ನು ಅವಲಂಬಿಸಿದೆ. ಇಲ್ಲಿಯೂ ಕೊನೆಗೆ 150 ಅಂಕಗಳ ಪರೀಕ್ಷೆಯಿದೆ. ಈ ಅಂಕಗಳ ಜೊತೆಗೆ ಪ್ರತಿ ಪಂಚಾಯಿತಿಯಲ್ಲಿ ಬೋಧಕರಿಗೆ ದೊರೆತ ತರಬೇತಿಯ ದಿನಗಳು, ನಡೆದ ಪಾಠದ ಗಂಟೆಗಳು, ನಡುವೆ ಬಿಟ್ಟುಹೋದವರ ಸಂಖ್ಯೆ ಇವನ್ನು ಊರಿನ ಗ್ರಾಮಸಭೆಯಲ್ಲಿ ಓದಿ ಹೇಳಿದರೆ ಮತ್ತು ಎರಡು ವರ್ಷಗಳ ಬಳಿಕ ನೆರೆಯ ಜಿಲ್ಲೆಯ ಮೌಲ್ಯಮಾಪಕರು ಅದೇ ಉತ್ತೀರ್ಣರಲ್ಲಿ ಕೆಲವರನ್ನು ಕೂರಿಸಿ ಮತ್ತೊಮ್ಮೆ ಓದಿಸಿದರೆ, ದೊಡ್ಡ ಖರ್ಚಿಲ್ಲದೆ ಜಾಲದ ಕೆಲಸವೂ ಅಳತೆಗೆ ಸಿಗುತ್ತದೆ.