ಮಕ್ಕಳೂ ಸಾಹಸವೂ

ಮಗುವು ಮರವೇರಲು ಹೊರಟೊಡನೆ “ಬೇಡ, ಬಿದ್ದೀಯೆ!” ಎಂಬ ಮಾತು ನಮ್ಮ ಬಾಯಿಂದ ತಾನಾಗಿ ಹೊರಡುತ್ತದೆ. ಅದು ಪ್ರೀತಿಯಿಂದ ಹುಟ್ಟಿದ ಮಾತು. ಆದರೆ ಮೈಗೆ ಗಾಯವಾಗದಂತೆ ಕಾಯುವ ಈ ಎಚ್ಚರವು ಮಿತಿಮೀರಿದರೆ ಮನಸ್ಸಿನ ಬಲವನ್ನೇ ಕುಗ್ಗಿಸೀತೆ? ಶ್ರೋತೃಗಳ ಮುಂದೆ ಇಂದು ಇಡಬೇಕೆಂದಿರುವ ಪ್ರಶ್ನೆ ಇದು.

ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವ್ಯಾಪಾರದ ಹಡಗುಗಳು ಶತ್ರುಗಳ ಟಾರ್ಪೆಡೋಗಳಿಗೆ ತುತ್ತಾಗುತ್ತಿದ್ದುವು. ಮುಳುಗಿದ ಹಡಗಿನಿಂದ ಪಾರಾಗಿ ದೋಣಿಯನ್ನು ಹಿಡಿದವರಲ್ಲಿ ಗಟ್ಟಿಮುಟ್ಟಾದ ತರುಣರು ಎದೆಗುಂದಿ ಬೇಗನೆ ಅಸುನೀಗುತ್ತಾರೆ, ಹಾಯಿಹಡಗುಗಳಲ್ಲಿ ಪಳಗಿದ ವಯಸ್ಸಾದ ನಾವಿಕರು ಉಳಿದುಕೊಳ್ಳುತ್ತಾರೆ ಎಂದು ಹಡಗಿನ ಕಂಪೆನಿಯೊಂದರ ಮುಖ್ಯಸ್ಥರಾದ ಲಾರೆನ್ಸ್ ಹೋಲ್ಟ್ ಅವರಿಗೆ ತೋರಿತು. ತರುಣರಿಗೆ ತೋಳ್ಬಲವಿತ್ತು, ತಮ್ಮಲ್ಲಿ ತಮಗೆ ನಂಬಿಕೆಯಿರಲಿಲ್ಲ. ಹಿಟ್ಲರನನ್ನು ವಿರೋಧಿಸಿ 1933ರಲ್ಲಿ ಸೆರೆಯನ್ನು ಕಂಡು, ಜರ್ಮನಿಯನ್ನು ತೊರೆದು ಬಂದಿದ್ದ ಕರ್ಟ್ ಹಾನ್ ಎಂಬ ಶಿಕ್ಷಣಜ್ಞರೊಡನೆ ಹೋಲ್ಟರು ಕೂಡಿಕೊಂಡರು. 1941ರಲ್ಲಿ ವೇಲ್ಸ್ ದೇಶದ ಅಬರ್ಡೋವಿ ಎಂಬ ಕಡಲತೀರದ ಊರಿನಲ್ಲಿ ‘ಔಟ್‌ವರ್ಡ್ ಬೌಂಡ್’ ಶಾಲೆ ತೆರೆಯಿತು. ಬಂದರನ್ನು ಬಿಟ್ಟು ಹೊರಟ ಹಡಗನ್ನು ಕುರಿತು ನಾವಿಕರು ಆಡುವ ಮಾತೇ ಆ ಹೆಸರು. ಸುಮಾರು ಒಂದು ತಿಂಗಳು ಹುಡುಗರು ಸಣ್ಣ ದೋಣಿಗಳನ್ನು ನಡೆಸಿದರು. ನಕ್ಷೆ, ದಿಕ್ಸೂಚಿಗಳನ್ನು ಹಿಡಿದು ಬೆಟ್ಟಗಳನ್ನು ದಾಟಿದರು. ಆಪತ್ತಿನಲ್ಲಿದ್ದವರನ್ನು ರಕ್ಷಿಸುವ ವಿದ್ಯೆಯನ್ನು ಕಲಿತರು.

ಇದರಿಂದ ಮನಸ್ಸಿಗೆ ಆಗುವ ಉಪಕಾರವೇನು? ಹಗ್ಗ ಕಟ್ಟಿಕೊಂಡು ಬಂಡೆಯ ಅಂಚಿನಲ್ಲಿ ನಿಂತ ಮಗುವಿನ ಎದೆ ಡವಗುಟ್ಟುತ್ತದೆ. ಕೂಡಲೆ ಹಿಂದಿರುಗಿದರೆ, ಓಡಿಬಂದುದರಿಂದಲೇ ಬದುಕಿದೆನೆಂದು ಮನಸ್ಸು ನಂಬುತ್ತದೆ. ಮರುಸಲ ಭಯ ಹೆಚ್ಚುತ್ತದೆ. ಸ್ವಲ್ಪ ಹೊತ್ತು ತಾಳಿಕೊಂಡು ನಿಂತರೆ ಆ ಡವಡವ ತಾನಾಗಿ ಇಳಿಯುತ್ತದೆ. ಹೆದರಿದಂತೆ ಕೇಡೇನೂ ಆಗಲಿಲ್ಲವೆಂಬುದು ಆಗ ದೊರೆಯುವ ಒಂದು ಪಾಠ. ಹೆದರಿಕೆಯನ್ನು ತಾನು ಸಹಿಸಬಲ್ಲೆನೆಂಬುದು ಇನ್ನೊಂದು. ಅತಿಯಾದ ಕಳವಳದಿಂದ ನರಳುವವರಿಗೆ ಮನೋವೈದ್ಯರು ಮಾಡುವ ಚಿಕಿತ್ಸೆಗಳಲ್ಲಿ ಒಂದು ಈ ಹಾದಿಯನ್ನೇ ಹಿಡಿಯುತ್ತದೆ.

ಈ ಫಲ ಕ್ಷಣಿಕವೆಂಬ ಶಂಕೆ ಬರಬಹುದು. ಜಾನ್ ಹ್ಯಾಟಿ ಮೊದಲಾದ ವಿದ್ವಾಂಸರು ಇಂಥ ಶಿಕ್ಷಣವನ್ನು ಕುರಿತ 96 ಅಧ್ಯಯನಗಳನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟಿಸಿದರು. ಆತ್ಮವಿಶ್ವಾಸವೇ ಮೊದಲಾದ ಗುಣಗಳಲ್ಲಿ ಕಂಡ ವೃದ್ಧಿಯು ಶಿಬಿರ ಮುಗಿದ ಮೇಲೆ ಅಳಿಸಿಹೋಗದೆ ಇನ್ನಷ್ಟು ಹೆಚ್ಚಿದುದನ್ನು ಅವರು ಕಂಡರು. ಆದರೆ ಫಲವು ಶಿಬಿರದಿಂದ ಶಿಬಿರಕ್ಕೆ ಬಹಳವಾಗಿ ವ್ಯತ್ಯಾಸವಾಗುತ್ತಿತ್ತು.

ಆದುದರಿಂದ ಎರಡು ಎಚ್ಚರಿಕೆಗಳು ಅವಶ್ಯಕ. ಅಂಜುವ ಮಗುವನ್ನು ಬಲವಂತದಿಂದ ನೀರಿಗೆ ನೂಕುವುದು ಹೆದರಿದವರ ಮೇಲೆ ಹಾವೆಸೆದಂತೆ. ಮೊದಲ ಹೆಜ್ಜೆ ಮಗುವಿನದಾಗಿರಬೇಕು. ಹಗ್ಗವನ್ನೂ ದೋಣಿಯನ್ನೂ ಪರೀಕ್ಷಿಸುವ ಹೊಣೆ ಹಿರಿಯರದು. ಎರಡನೆಯದಾಗಿ, ನಿದ್ರಾಹಾರಗಳನ್ನು ಬಿಟ್ಟು ದಿನಗಟ್ಟಲೆ ಖಿನ್ನವಾಗಿರುವ ಮಗುವಿಗೆ ವೈದ್ಯರ ನೆರವು ಬೇಕು. ಬೆಟ್ಟ ಹತ್ತಿಸುವುದು ಅದಕ್ಕೆ ಬದಲಾಗಲಾರದು.

ಇದಕ್ಕೆಲ್ಲ ವೇಲ್ಸಿನ ಕಡಲೇ ಬೇಕೆಂದಿಲ್ಲ. ಬಿಡುವಿನ ದಿನ ಹತ್ತಿರದ ಗುಡ್ಡವೊಂದು, ಹಿತ್ತಿಲ ಮರವೊಂದು ಸಾಕು. ಮಗು ಕೊಂಬೆಯ ಮೇಲೆ ತಡವರಿಸಿದಾಗ “ಬಿದ್ದೀಯೆ” ಎನ್ನುವ ಬದಲು, ಕೆಳಗೆ ನಿಂತು, “ಮುಂದಿನ ಕಾಲನ್ನು ಎಲ್ಲಿಡುವೆ?” ಎಂದು ಕೇಳಿ ನೋಡಿರಿ. ಆ ಉತ್ತರವನ್ನು ಮಗುವೇ ಹುಡುಕಿಕೊಳ್ಳಲಿ.