ಖಾರ ತಿಂದರೆ ಬೆವರುವುದೇಕೆ?

ಆರಿದ ಜೋಳದ ರೊಟ್ಟಿ, ಜೊತೆಗೆ ಒಂದಿಷ್ಟು ರಂಜಕ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ಮೂಗಿನ ತುದಿಯಲ್ಲಿ ಬೆವರು, ಕಣ್ಣಲ್ಲಿ ನೀರು. ಆಗ ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಅದು ಎಂದಿನಂತೆ 37 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಸುಡುವಂಥದ್ದೇನೂ ಬಾಯಿಗೆ ಬಿದ್ದಿಲ್ಲ. ಆದರೂ ದೇಹ ಒಲೆಯ ಮುಂದೆ ಕೂತಂತೆ ಬೆವರಿಳಿಸಿ ತಣ್ಣಗಾಗಲು ಹೆಣಗುತ್ತದೆ.

ಖಾರವನ್ನು ಷಡ್ರಸಗಳ ಲೆಕ್ಕಕ್ಕೆ ಸೇರಿಸಿಕೊಂಡು ಬಂದಿದ್ದೇವೆ. ಆದರೆ ನಾಲಿಗೆಯ ರುಚಿಮೊಗ್ಗುಗಳಿಗೆ ಅದರ ಗುರುತೇ ಇಲ್ಲ. ಅವುಗಳಿಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಮತ್ತೆ ಅಣಬೆ, ಮಾಂಸದ ಸಾರುಗಳಲ್ಲಿ ಸಿಗುವ ಉಮಾಮಿ. ಖಾರದ ಸುದ್ದಿ ಮಿದುಳಿಗೆ ಹೋಗುವುದು ಬಿಸಿ ಮತ್ತು ನೋವನ್ನು ತಿಳಿಸುವ ನರಗಳ ಮೂಲಕ. ಮೆಣಸಿನಕಾಯಿ ಹೆಚ್ಚಿದ ಬೆರಳು ಕಣ್ಣಿಗೆ ತಾಗಿದರೆ ಕಣ್ಣು ಉರಿಯುವುದೂ ಅದಕ್ಕೇ. ಕಣ್ಣಿನಲ್ಲಿ ರುಚಿಮೊಗ್ಗು ಎಲ್ಲಿಂದ ಬರಬೇಕು?

ಇದರ ಗುಟ್ಟು ಬಯಲಾದದ್ದು 1997ರಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕೇಂದ್ರದಲ್ಲಿದ್ದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ನನ್ನೇ ಹಿಡಿದು ಹೊರಟರು. ನೋವಿನ ನರಕೋಶಗಳಲ್ಲಿ ಕೆಲಸ ಮಾಡುವ ಜೀನುಗಳ ಲಕ್ಷಾಂತರ ತುಣುಕುಗಳನ್ನು ಕಲೆಹಾಕಿ, ಖಾರವೆಂದರೇನೆಂದೇ ತಿಳಿಯದ ಬೇರೆ ಕೋಶಗಳೊಳಗೆ ಅವನ್ನು ಸೇರಿಸುತ್ತಾ ಹೋದರು. ಕಡೆಗೆ ಒಂದು ಜೀನ್ ಸೇರಿದ ಕೋಶಗಳು ಖಾರಕ್ಕೆ ಸ್ಪಂದಿಸಿದವು. ಆ ಜೀನ್ ತಯಾರಿಸುವ ಪ್ರೋಟೀನಿಗೆ ಇಂದು ಟಿಆರ್‌ಪಿವಿ1 ಎಂದು ಹೆಸರು. ನರದ ತುದಿಯ ಪೊರೆಯಲ್ಲಿ ಕೂತಿರುವ ಪುಟ್ಟ ಬಾಗಿಲು ಅದು. ಸುಮಾರು 43 ಡಿಗ್ರಿ ಬಿಸಿ ತಾಗಿದರೆ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ, ನರದಲ್ಲಿ ವಿದ್ಯುತ್ ಸಂಕೇತ ಹುಟ್ಟುತ್ತದೆ, ಮಿದುಳಿಗೆ ‘ಸುಡುತ್ತಿದೆ’ ಎಂಬ ಸುದ್ದಿ ಮುಟ್ಟುತ್ತದೆ. ಕ್ಯಾಪ್ಸೈಸಿನ್ ಮಾಡುವುದಿಷ್ಟೇ: ಬಿಸಿಯೇ ಇಲ್ಲದೆ ಅದೇ ಬಾಗಿಲನ್ನು ತೆರೆದಿಡುತ್ತದೆ. ಬಂದ ಸುದ್ದಿ ಬೆಂಕಿಯದೋ ಬ್ಯಾಡಗಿಯದೋ ಎಂದು ವಿಚಾರಿಸುವ ಏರ್ಪಾಡು ಮಿದುಳಿಗಿಲ್ಲ. ಅದು ಬೆವರಿಗೆ ಆಜ್ಞೆ ಕೊಟ್ಟುಬಿಡುತ್ತದೆ.

ತಣ್ಣನೆಯದಕ್ಕೂ ಇಂಥದ್ದೇ ಬಾಗಿಲಿದೆ. 2002ರಲ್ಲಿ ಜೂಲಿಯಸ್ ಮತ್ತು ಬೈರೂತ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಆರ್ಡೆಮ್ ಪಟಪೂಟಿಯನ್ ಇಬ್ಬರೂ ಬೇರೆ ಬೇರೆಯಾಗಿ ಅದನ್ನು ಪತ್ತೆಹಚ್ಚಿದರು. ಪುದೀನ ಜಾತಿಯ ಗಿಡಗಳಿಂದ ತೆಗೆಯುವ ಮೆಂಥಾಲ್ ಅದನ್ನು ತೆರೆಯುತ್ತದೆ. ತಲೆನೋವಿನ ಮುಲಾಮು ಹಚ್ಚಿದರೆ ಹಣೆ ತಣ್ಣಗಾದಂತೆ ಅನಿಸುವುದು ಹೀಗೆ. ಇಬ್ಬರಿಗೂ 2021ರ ವೈದ್ಯಕೀಯ ನೊಬೆಲ್ ಬಂತು.

ಕ್ಯಾಪ್ಸೈಸಿನ್ನಿನ ಸ್ವಭಾವ ತಿಳಿದರೆ ಅಡುಗೆಮನೆಗೆ ಆಗುವ ಉಪಯೋಗ ಸಣ್ಣದೇನಲ್ಲ. ಕ್ಯಾಪ್ಸೈಸಿನ್ ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಹಾಗಾಗಿ ಬಾಯಿ ಉರಿಯುವಾಗ ಚೊಂಬುಗಟ್ಟಲೆ ನೀರು ಕುಡಿದರೂ ಅಷ್ಟಕ್ಕಷ್ಟೇ. ಹಾಲು, ಮೊಸರು ವಾಸಿ. ಅವುಗಳಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಂಡು ಹೋಗುತ್ತದೆ. ಕೈ ಉರಿಯುತ್ತಿದ್ದರೆ ಮೊದಲು ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಬೇಕು. ಖಾರ ಕಡಿಮೆ ಮಾಡಲೆಂದು ಬೀಜ ಉದುರಿಸುವವರುಂಟು. ಖಾರ ತುಂಬಿರುವುದು ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ. ಕೆರೆದು ತೆಗೆಯಬೇಕಾದದ್ದು ಅದನ್ನು. ಗಿಳಿಗಳಿಗೆ ಈ ರಗಳೆಯೇ ಇಲ್ಲ. ಹಕ್ಕಿಗಳ ಬಾಗಿಲಿಗೆ ಕ್ಯಾಪ್ಸೈಸಿನ್ ನಾಟುವುದಿಲ್ಲ. ಹಣ್ಣುಮೆಣಸಿನಕಾಯಿ ತಿಂದು ಬೀಜ ಚೆಲ್ಲಿ ಹಾರಿಹೋಗುತ್ತವೆ, ಗಿಡಕ್ಕೂ ಅದೇ ಬೇಕು.

ಇನ್ನು ನಿಜವಾದ ಪೆಟ್ಟಿನ ವಿಷಯ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಗಮನಿಸಿ, ನೋವು ಎರಡು ಸಲ ಬರುತ್ತದೆ. ಮೊದಲು ಚುರ್ರೆನ್ನುವ ಚೂಪು ನೋವು. ಕ್ಷಣ ಬಿಟ್ಟು, ‘ಅಯ್ಯೋ ಈಗ ಬರುತ್ತೆ’ ಎಂದುಕೊಳ್ಳುವಷ್ಟು ಪುರುಸೊತ್ತು ಕೊಟ್ಟು, ಧಗಧಗಿಸುವ ಮೊಂಡು ನೋವು. ನರಗಳಲ್ಲೇ ಎರಡು ಬಗೆ ಇರುವುದು ಇದಕ್ಕೆ ಕಾರಣ. ಕೊಬ್ಬಿನ ಹೊದಿಕೆಯುಳ್ಳ ಎ-ಡೆಲ್ಟಾ ನರತಂತುಗಳು ಸೆಕೆಂಡಿಗೆ 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ. ಹೊದಿಕೆಯಿಲ್ಲದ ಸಿ ತಂತುಗಳದ್ದು ಸೆಕೆಂಡಿಗೆ ಸುಮಾರು ಒಂದು ಮೀಟರಿನ ನಡಿಗೆ. ಕಾದ ಕಾವಲಿ ಮುಟ್ಟಿದಾಗಲಂತೂ ಕೈ ಹಿಂದಕ್ಕೆ ಬರುವುದು ನೋವು ಅರಿವಿಗೆ ಬರುವ ಮೊದಲೇ. ಆ ಆಜ್ಞೆ ಹೊರಡುವುದು ಬೆನ್ನುಹುರಿಯಿಂದ. ಮಿದುಳಿಗೆ ತಿಳಿಯುವುದು ಆಮೇಲೆ. ಪೆಟ್ಟಾದ ಜಾಗ ಉಜ್ಜಿಕೊಂಡರೆ ಹಿತವಾಗುವುದೂ ಬರಿಯ ಭ್ರಮೆಯಲ್ಲ. ಸ್ಪರ್ಶದ ಸುದ್ದಿ ಬೆನ್ನುಹುರಿಯಲ್ಲೇ ನೋವಿನ ಸುದ್ದಿಯನ್ನು ತಡೆಯಬಲ್ಲದು ಎಂದು ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ವಾದಿಸಿದ್ದರು.

ಗಾಯವಾದ ಕಡೆ ಟಿಆರ್‌ಪಿವಿ1 ಬಾಗಿಲು ತೆರೆಯುವ ಬಿಸಿಯ ಮಟ್ಟವೇ ಕೆಳಗಿಳಿಯುತ್ತದೆ. ಊದಿಕೊಂಡ ಅಂಗಾಂಶದಲ್ಲಿ ಪ್ರೋಸ್ಟಗ್ಲ್ಯಾಂಡಿನ್ ಮುಂತಾದ ರಾಸಾಯನಿಕಗಳು ಸೇರಿ ನರದ ತುದಿಯನ್ನು ಸೂಕ್ಷ್ಮವಾಗಿಸುತ್ತವೆ. 43 ಡಿಗ್ರಿಗೆ ತೆರೆಯಬೇಕಾದದ್ದು ಉಗುರುಬೆಚ್ಚಗಿನ ನೀರಿಗೇ ತೆರೆಯುತ್ತದೆ. ಬಿಸಿಲಿಗೆ ಬೆಂದ ಚರ್ಮಕ್ಕೆ ಸ್ನಾನದ ನೀರು ಸುಡುವುದು ಹೀಗೆ. ಆಸ್ಪಿರಿನ್ ಈ ಪ್ರೋಸ್ಟಗ್ಲ್ಯಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ ಎಂದು ಸಂಶೋಧಕ ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. ಮಾತ್ರೆಗೆ ನಮ್ಮ ಹಲ್ಲುನೋವು ಎಲ್ಲಿದೆಯೆಂದು ಗೊತ್ತಿರುವುದಿಲ್ಲ. ಮೈಯೆಲ್ಲ ಸುತ್ತುತ್ತದೆ, ಪರಿಣಾಮ ತಿಳಿಯುವುದು ನೋಯುತ್ತಿರುವಲ್ಲಿ.

ಹಾಗಾದರೆ ಟಿಆರ್‌ಪಿವಿ1 ಬಾಗಿಲನ್ನೇ ಮುಚ್ಚಿಬಿಟ್ಟರೆ? ಔಷಧ ಕಂಪನಿಗಳು ಅದನ್ನೂ ಮಾಡಿ ನೋಡಿದವು. ಅಂಥ ಕೆಲವು ಔಷಧ ತೆಗೆದುಕೊಂಡ ಸ್ವಯಂಸೇವಕರ ಮೈ ಬಿಸಿ ಏರಿತು, ಸುಡುವಂಥ ಬಿಸಿಯೂ ಅವರಿಗೆ ಸರಿಯಾಗಿ ತಿಳಿಯಲಿಲ್ಲ. ಉಲ್ಟಾ ದಾರಿಯೇ ಫಲ ಕೊಟ್ಟಿತು ಅನ್ನಬೇಕು. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಶೇ. 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ವೈದ್ಯರು ಅಂಟಿಸುತ್ತಾರೆ. ಮೊದಲು ಉರಿಯುತ್ತದೆ, ಆಮೇಲೆ ಆ ನರತುದಿಗಳೇ ವಾರಗಟ್ಟಲೆ ಸುಮ್ಮನಾಗುತ್ತವೆ.

ನೋವೇ ಬಾರದಿದ್ದರೆ ಏನಾಗುತ್ತದೆಂದು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಸಕ್ಕರೆ ಕಾಯಿಲೆ ಹಳೆಯದಾದಂತೆ ಎಷ್ಟೋ ಜನರ ಪಾದದ ನರಗಳು ಸೊರಗುತ್ತವೆ. ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಕಲ್ಲುಚಪ್ಪಡಿಯ ಮೇಲೆ ಉಳಿದವರು ಕುಣಿಯುತ್ತಾ ಓಡಿದರೆ, ಇವರು ನಿಧಾನವಾಗಿ ಪ್ರದಕ್ಷಿಣೆ ಮುಗಿಸುತ್ತಾರೆ. ಅಂಗಾಲಿನಲ್ಲಿ ಬೊಬ್ಬೆ ಎದ್ದಿರುವುದು ಗೊತ್ತಾಗುವುದು ಮನೆಗೆ ಬಂದ ಮೇಲೆ, ಅದೂ ಯಾರಾದರೂ ನೋಡಿದರೆ. ಇಂಥವರು ಬಿಸಿನೀರಿನ ಚೀಲದಿಂದ ಕಾಲಿಗೆ ಶಾಖ ಕೊಟ್ಟುಕೊಳ್ಳಬಾರದು. ಸ್ನಾನದ ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ರಾತ್ರಿ ಮಲಗುವ ಮುನ್ನ ಅಂಗಾಲಿನ ಕೆಳಗೆ ಒಂದು ಕನ್ನಡಿ ಹಿಡಿದು, ಬೆರಳ ಸಂದಿಯನ್ನೂ ಬಿಡದೆ ನೋಡಿಕೊಂಡರೆ ಒಳ್ಳೆಯದು.