ಚಿಕಾಗೋ ನಗರದಲ್ಲಿ ಕಂಡ ಒಂದು ಚಿತ್ರ

1893ನೆಯ ಇಸವಿ ಸೆಪ್ಟೆಂಬರಿನಲ್ಲಿ ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ ಸೌಧವು ಚಿಕಾಗೋ ನಗರದಲ್ಲಿ ಇಂದಿಗೂ ನಿಂತಿರುವುದು. ಈಗ ಅದು ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾಮಂದಿರ. ಆ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಬಾಗಿಲ ಇಕ್ಕೆಲಗಳಲ್ಲಿ ಕಂಚಿನ ಸಿಂಹಗಳುಳ್ಳ ಆ ಸೌಧವನ್ನು ಕಣ್ಣಾರೆ ಕಾಣಬೇಕೆಂದು ಹೋದೆನು. ಚಿತ್ರಗಳ ಅಭಿರುಚಿ ನನಗೆ ಎಂದೂ ಇದ್ದುದಲ್ಲ. ಆದರೂ ಒಂದು ಚಿತ್ರದ ಮುಂದೆ ಅರ್ಧ ಗಂಟೆ ನಿಂತೆನೆಂಬುದನ್ನು ವಾಚಕರು ನಂಬಬೇಕು.

ಅದು ಮಗುವಿನ ಕಾಲು ತೊಳೆಯುತ್ತಿರುವ ಒಬ್ಬ ಹೆಂಗಸಿನ ತೈಲಚಿತ್ರ. ಎತ್ತರ ಎರಡು ಮೊಳಕ್ಕೆ ತುಸು ಹೆಚ್ಚು. ಪಟ್ಟೆಪಟ್ಟೆಯ ಉಡುಪು ತೊಟ್ಟ ಆಕೆಯು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದು ಕೈಯಿಂದ ಅದರ ನಡುವನ್ನು ಬಳಸಿ, ಇನ್ನೊಂದರಿಂದ ಬೋಗುಣಿಯ ನೀರಿನಲ್ಲಿ ಪುಟ್ಟ ಪಾದವನ್ನು ತೊಳೆಯುತ್ತಿರುವಳು. ಮುಂದೆ ನೆಲದ ಮೇಲೆ ಹೂಜಿ. ಇಬ್ಬರ ನೋಟವೂ ನೀರಿನಲ್ಲಿಯೇ ನೆಟ್ಟಿದೆ. ನಮ್ಮ ಕಡೆ ತಿರುಗುವ ಬಿಡುವು ಅವರಿಗಿಲ್ಲ. ಪಕ್ಕದಲ್ಲಿ ನಿಂತ ಅಜ್ಜಿಯು ಬಗ್ಗಿ ನೋಡುವ ಹಾಗೆ ನಾವು ಮೇಲಿನಿಂದ ನೋಡುತ್ತಿರುವೆವು. ಜಪಾನೀ ಅಚ್ಚುಚಿತ್ರಗಳಿಂದ ಕಲಿತ ಕ್ರಮವಿದು. 1890ರಲ್ಲಿ ಪ್ಯಾರಿಸಿನಲ್ಲಿ ನಡೆದ ಅವುಗಳ ಪ್ರದರ್ಶನವು ಈ ಚಿತ್ರಕರ್ತ್ರಿಯ ಮನಸ್ಸನ್ನು ಸೂರೆಗೊಂಡಿತ್ತು. ಧೂಳಿ ಮೆತ್ತಿದ ಮಗುವನ್ನು ಎತ್ತಿಕೊಳ್ಳುವವರ ಭಾಗ್ಯವನ್ನು ಕಾಳಿದಾಸನು ಹೊಗಳಿರುವನು. ಆ ಧೂಳಿಯನ್ನು ತೊಳೆಯುವವಳ ಕಡೆಗೆ ನಮ್ಮ ಕವಿಗಳ ಕಣ್ಣು ಅಷ್ಟಾಗಿ ಹರಿದಂತೆ ತೋರದು.

ಚಿತ್ರವನ್ನು ಬರೆದವಳು ಮೇರಿ ಕಸಾಟ್. ಆಕೆಯ ವೃತ್ತಾಂತವನ್ನು ಮಗಳೇ ಹೇಳಿದಳು. ಅವಳಿಗೆ ಅದೆಲ್ಲ ಬಾಯಿಪಾಠವಾಗಿದ್ದುದು ನನಗೆ ಆಶ್ಚರ್ಯ. 1844ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿ, ಬಾಳಿನ ಬಹುಭಾಗವನ್ನು ಫ್ರಾನ್ಸಿನಲ್ಲಿ ಕಳೆದವಳು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಪ್ಯಾರಿಸಿನ ಸರಕಾರೀ ಕಲಾಶಾಲೆಯು ಆಗ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲವಾದುದರಿಂದ ಗುರುಗಳಲ್ಲಿ ಖಾಸಗಿಯಾಗಿ ಕಲಿತಳು. ತಂದೆಯು ಸ್ಥಿತಿವಂತನೇ, ಆದರೆ ಅನ್ನವಸ್ತ್ರಗಳಿಗೆ ಕೊಟ್ಟನಲ್ಲದೆ ಬಣ್ಣ ಕುಂಚಗಳಿಗೆ ಹಣ ಕೊಡಲೊಲ್ಲದೆ ಹೋದನು. ಇದೇ ಚಿಕಾಗೋ ನಗರಕ್ಕೆ ಬಂದಿದ್ದ ಆಕೆಯ ಕೆಲವು ಚಿತ್ರಗಳು 1871ರ ಮಹಾಗ್ನಿಯಲ್ಲಿ ಸುಟ್ಟುಹೋದವು. 1877ರಲ್ಲಿ ಡೆಗಾ ಎಂಬ ಚಿತ್ರಕಾರನು ತನ್ನ ಗೆಳೆಯರ ಬಳಗಕ್ಕೆ ಕರೆದ ಮೇಲೆ ಆಕೆಯ ದಾರಿ ತೆರೆಯಿತು. ಈ ಚಿತ್ರವನ್ನು ಬರೆದುದು 1893ರಲ್ಲಿ, ಸ್ವಾಮಿಗಳು ಮಾತನಾಡಿದ ವರ್ಷದಲ್ಲಿಯೇ; ಕಲಾಮಂದಿರವು ಅದನ್ನು ಪಡೆದುದು 1910ರಲ್ಲಿ. ಮುಂದೆ ಕಣ್ಣಿನ ಪೊರೆಯಿಂದ ದೃಷ್ಟಿ ಕುಂದಿ ಚಿತ್ರ ಬರೆಯುವುದನ್ನೇ ಬಿಡಬೇಕಾಯಿತು. 1926ರಲ್ಲಿ ತೀರಿಕೊಂಡಳು.

ತಂದೆಯ ಪ್ರಸ್ತಾಪ ಬಂದಾಗ ನಾನು ಕಿವಿ ಕೇಳದವನಂತೆ ಇದ್ದುಬಿಟ್ಟೆನು. ನನ್ನ ಮಗಳು ಏಳನೆಯ ತರಗತಿಯಲ್ಲಿದ್ದಾಗ ಲೆಕ್ಕದ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಹಸು, ಕರು, ಒಲೆಯ ಮುಂದೆ ಕುಳಿತ ತನ್ನ ಅಜ್ಜಿ ಮೊದಲಾದುವನ್ನು ಬರೆದಿದ್ದಳು. ಆ ಹಾಳೆಗಳನ್ನು ಹರಿದು ಬಚ್ಚಲೊಲೆಗೆ ಹಾಕಿದವನು ನಾನು. “ಇದರಿಂದ ಅನ್ನ ಹುಟ್ಟುವುದೇ?” ಎಂದು ಕೇಳಿದ್ದೂ ಉಂಟು. ಈಗ ಅವಳು ಲೆಕ್ಕಪತ್ರದ ಕೆಲಸದಲ್ಲಿರುವಳು. ಆ ಮಾತನ್ನು ಎಂದೂ ಎತ್ತಿದವಳಲ್ಲ.

ನಾಲ್ಕು ವರ್ಷದ ಮೊಮ್ಮಗಳು ಚಿತ್ರವನ್ನು ತೋರಿಸಿ, “ತಾತ, ನೀರು ತಣ್ಣಗಿದೆಯಾ?” ಎಂದಳು. “ಬೆಚ್ಚಗಿದೆ ಮಗು” ಎಂದೆನು.

ಹೊರಡುವಾಗ ಅಲ್ಲಿಯ ಅಂಗಡಿಯಲ್ಲಿ ಮಗಳು ಮಗುವಿಗೆಂದು ಬಣ್ಣದ ಪೆನ್ಸಿಲುಗಳ ಪೆಟ್ಟಿಗೆಯೊಂದನ್ನು ಆರಿಸಿದಳು. ನಾನು ಅಂಥದೇ ಇನ್ನೊಂದನ್ನು ತೆಗೆದುಕೊಂಡು ಎರಡಕ್ಕೂ ಹಣ ಕೊಟ್ಟೆನು.

“ಇದು ಯಾರಿಗೆ ಅಪ್ಪಾ?” ಎಂದಳು.

ನಾನು ಏನೂ ಹೇಳದೆ ಅದನ್ನು ಅವಳ ಕೈಚೀಲದಲ್ಲಿಟ್ಟೆನು.